ರುಚಿಯೂ ವ್ರತವೂ: ತಲೆಮಾರುಗಳ ನಡುವಣ ಸಮಾನ ಅಭಿರುಚಿಯನ್ನು ಕುರಿತು

ಚಾತುರ್ಮಾಸದ ಯಾವುದಾದರೊಂದು ಸಂಜೆ ಬಸದಿಯ ಶಾಸ್ತ್ರಸಭೆಯನ್ನು ಹೊಕ್ಕು ನೋಡಿದರೆ ಅನೇಕ ಊರುಗಳಲ್ಲಿ ಕಾಣುವ ದೃಶ್ಯ ಒಂದೇ. ವ್ಯಾಸಪೀಠದ ಮೇಲೆ ಪುರಾಣ ಗ್ರಂಥ. ಅದರ ಮುಂದೆ ಅರುವತ್ತು ದಾಟಿದ ಹತ್ತು ಹನ್ನೆರಡು ಮಂದಿ ಶ್ರಾವಕ ಶ್ರಾವಿಕೆಯರು. ಹೊರಗಿನ ಜಗಲಿಯ ಮೇಲೆ ಅಜ್ಜಿಯನ್ನು ಮನೆಗೆ ಕರೆದೊಯ್ಯಲು ಬಂದು ಕಾದು ಕುಳಿತ ಮೊಮ್ಮಗ, ಅವನ ಕೈಯಲ್ಲೊಂದು ಮೊಬೈಲು. ಒಳಗಿನವರಿಗೆ ಹೊರಗಿನವನ ಲೋಕ ತಿಳಿಯದು. ಹೊರಗಿನವನಿಗೆ ಒಳಗಿನವರ ಲೋಕ ಬೇಕೆನಿಸದು. ಆಡಳಿತ ಮಂಡಳಿಯ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರಗಳು ಮಂಜೂರಾದ ಬಳಿಕ ಹಿರಿಯರೊಬ್ಬರು ಎದ್ದು ನಿಂತು ಕೇಳುವ ಪ್ರಶ್ನೆಯೂ ಪ್ರತಿವರ್ಷ ಒಂದೇ: “ನಮಗಿದ್ದ ಅಭಿರುಚಿ ನಮ್ಮ ಮಕ್ಕಳಿಗೆ ಏಕೆ ಬರಲಿಲ್ಲ?”

ಈ ಪ್ರಶ್ನೆಯಲ್ಲಿ ನಿಜವಾದ ದುಃಖವಿದೆ. ಅದನ್ನು ಲಘುವಾಗಿ ಕಾಣಲಾಗದು. ಆದರೆ ಅದರೊಳಗೆ ಪರೀಕ್ಷೆಗೆ ಒಳಗಾಗದ ಒಂದು ಗ್ರಹಿಕೆಯೂ ಅಡಗಿದೆ. ತಂದೆಯ ಅಭಿರುಚಿ ಮಗನಿಗೆ ಬಂದರೆ ಧರ್ಮ ಉಳಿಯಿತು, ಬಾರದಿದ್ದರೆ ಧರ್ಮ ಅಳಿಯಿತು ಎಂಬುದೇ ಆ ಗ್ರಹಿಕೆ. ಒಂದೇ ರುಚಿಯುಳ್ಳವರು ಮಾತ್ರ ಒಂದೇ ಮಾರ್ಗದವರಾಗಬಲ್ಲರೇ? ಎರಡು ತಲೆಮಾರುಗಳನ್ನು ಕೂಡಿಸುವ ಸೂತ್ರ ಸಮಾನ ಅಭಿರುಚಿಯೇ ಅಥವಾ ಬೇರೊಂದೇ? ಕುಟುಂಬಗಳೂ ಬಸದಿಗಳ ವಿಶ್ವಸ್ತ ಮಂಡಳಿಗಳೂ ಸಮಾಧಾನದಿಂದ ಯೋಚಿಸಬೇಕಾದ ವಿಷಯವಿದು.

ರುಚಿ ಎಂಬ ಶಬ್ದ

‘ರುಚಿ’ ಎಂಬ ಶಬ್ದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಬಹು ಗೌರವದ ಸ್ಥಾನವಿದೆ. ಅದರ ಧಾತುವಿಗೆ ಬೆಳಗುವುದು ಎಂದೂ ಮೆಚ್ಚುವುದು ಎಂದೂ ಎರಡು ಅರ್ಥಗಳು. ಸಮ್ಯಗ್ದರ್ಶನವನ್ನು ವಿವರಿಸುವಾಗ ಆಚಾರ್ಯರು ಶ್ರದ್ಧೆ, ಪ್ರತೀತಿ, ರುಚಿ ಎಂಬ ಪದಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇರಿಸುತ್ತಾರೆ. ತತ್ತ್ವದಲ್ಲಿ ಮನಸ್ಸು ಒಲಿದು ನಿಲ್ಲುವುದೇ ದರ್ಶನವೆಂಬುದು ಇದರ ತಾತ್ಪರ್ಯ. ಬಲವಂತದಿಂದ ಬಂದದ್ದು ದರ್ಶನವಾಗಲಾರದು. ಒಲವಿಲ್ಲದೆ ಆಚರಿಸಿದ ಕ್ರಿಯೆಗೆ ಜೀವವಿರದು.

ಇದೇ ಶಬ್ದ ಲೋಕವ್ಯವಹಾರದಲ್ಲಿ ನಾಲಗೆಗೂ ಕಣ್ಣು ಕಿವಿಗಳಿಗೂ ಸಲ್ಲುತ್ತದೆ. ಒಬ್ಬನಿಗೆ ಷಟ್ಪದಿ ಇಷ್ಟ, ಮತ್ತೊಬ್ಬನಿಗೆ ಚಂಪೂ; ಒಬ್ಬಳಿಗೆ ವೀಣೆ, ಮತ್ತೊಬ್ಬಳಿಗೆ ಗಣಿತ. ಈ ರುಚಿಗಳು ಇಂದ್ರಿಯಗಳಿಗೂ ಮನಸ್ಸಿಗೂ ಸಂಬಂಧಿಸಿದವು; ಬಹುಮಟ್ಟಿಗೆ ರಾಗದ ಪರಿವಾರಕ್ಕೆ ಸೇರಿದವು. ಗೃಹಸ್ಥನಿಗೆ ಇವು ನಿಷಿದ್ಧವಲ್ಲ, ಆದರೆ ಮೋಕ್ಷಮಾರ್ಗದ ಅಂಗವೂ ಅಲ್ಲ. ಒಂದೇ ಶಬ್ದದ ಈ ಎರಡು ಅರ್ಥಗಳನ್ನು ಬೆರೆಸಿಬಿಟ್ಟಾಗಲೇ ಮನೆಯಲ್ಲಿಯೂ ಬಸದಿಯಲ್ಲಿಯೂ ತೊಡಕು ಹುಟ್ಟುತ್ತದೆ.

ಗೆಳೆಯರ ಸಮಾನರುಚಿ

ಒಂದೇ ತಲೆಮಾರಿನವರ ಸಮಾನ ಅಭಿರುಚಿ ಎಷ್ಟು ಬಲವುಳ್ಳದ್ದು, ಎಷ್ಟು ಅಪಾಯವುಳ್ಳದ್ದು ಎಂಬುದಕ್ಕೆ ಕವಿ ಬನಾರಸೀದಾಸರ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು. 1586ರಲ್ಲಿ ಜೌನಪುರದ ರತ್ನವರ್ತಕರ ಮನೆಯಲ್ಲಿ ಹುಟ್ಟಿದ ಇವರು 1641ರಲ್ಲಿ ‘ಅರ್ಧಕಥಾನಕ’ ಎಂಬ ಆತ್ಮಕಥೆಯನ್ನು ಪದ್ಯದಲ್ಲಿ ಬರೆದರು. ತಮ್ಮ ತಪ್ಪುಗಳನ್ನು ಮುಚ್ಚಿಡದೆ ಹೇಳಿದ ಗ್ರಂಥವದು. ತಂದೆ ಖರಗಸೇನರಿಗೆ ಮಗ ಅಂಗಡಿಯಲ್ಲಿ ಕುಳಿತು ವ್ಯಾಪಾರ ಕಲಿಯಬೇಕೆಂಬ ಆಸೆ. ಮಗನಿಗೆ ಕಾವ್ಯದ ಹುಚ್ಚು. ಅತಿಯಾದ ಓದು ವರ್ತಕನ ಮಗನಿಗೆ ತಕ್ಕುದಲ್ಲವೆಂದು ಹಿರಿಯರು ಬುದ್ಧಿ ಹೇಳಿದರು, ಮಗ ಕೇಳಲಿಲ್ಲ. ಇಂದಿನ ಯಾವ ವರ್ತಕರ ಮನೆಯಲ್ಲಿಯೂ ನಡೆಯಬಹುದಾದ ಸಂಗತಿಯಿದು.

ಹದಿಹರೆಯದಲ್ಲಿ ಬನಾರಸೀದಾಸರು ಶೃಂಗಾರಪ್ರಧಾನವಾದ, ಸುಮಾರು ಸಾವಿರ ಪದ್ಯಗಳ ಒಂದು ಕೃತಿಯನ್ನು ರಚಿಸಿದ್ದರು. ಕೆಲವು ವರ್ಷಗಳ ಬಳಿಕ ಗೆಳೆಯರೊಡನೆ ಗೋಮತಿ ನದಿಯ ಸೇತುವೆಯ ಮೇಲೆ ಕುಳಿತು ಅದನ್ನು ಓದುತ್ತಿದ್ದಾಗ, ಸುಳ್ಳನ್ನು ಇಷ್ಟು ಅಲಂಕರಿಸಿದೆನಲ್ಲಾ ಎಂಬ ಪಶ್ಚಾತ್ತಾಪ ಹುಟ್ಟಿ ಹಸ್ತಪ್ರತಿಯನ್ನು ನದಿಗೆ ಎಸೆದರು. ಗೆಳೆಯರು ಹಾಹಾಕಾರ ಮಾಡಿದರು, ಹಾಳೆಗಳು ತೇಲಿಹೋದವು. ಮುಂದೆ ಆಗ್ರಾದಲ್ಲಿ ವ್ಯಾಪಾರ ಮುಳುಗಿ ಕೈ ಬರಿದಾದಾಗ ಸಂಜೆಯ ಹೊತ್ತು ಅವರು ಪ್ರೇಮಕಥಾಕಾವ್ಯಗಳನ್ನು ಓದಿ ಹೇಳುತ್ತಿದ್ದರು. ಹತ್ತಿಪ್ಪತ್ತು ಮಂದಿ ಬಂದು ಕೇಳುತ್ತಿದ್ದರು. ಅವರಲ್ಲೊಬ್ಬ ಕಚೋರಿ ಮಾರುವವನು. ಆತ ತಿಂಗಳುಗಟ್ಟಲೆ ಸಾಲವಾಗಿ ಕಚೋರಿ ಕೊಟ್ಟು ಈ ಓದುಗನ ಹಸಿವನ್ನು ನೀಗಿದನು. ಸಮಾನರುಚಿಯು ಅಪರಿಚಿತರನ್ನು ಬಂಧುಗಳನ್ನಾಗಿ ಮಾಡಬಲ್ಲದು. ಜಾತಿ, ಸಂಪತ್ತು, ಅಂತಸ್ತು ಇವು ಯಾವುವೂ ಆ ಸಂಜೆಗಳಲ್ಲಿ ಅಡ್ಡ ಬರಲಿಲ್ಲ.

ಅಪಾಯದ ಮುಖವನ್ನೂ ಅವರೇ ಹೇಳಿದ್ದಾರೆ. ಮುಂದೆ ಅವರ ರುಚಿ ಅಧ್ಯಾತ್ಮದತ್ತ ತಿರುಗಿತು. ಸಮಯಸಾರವನ್ನು ಓದಿದರು. ನಿಶ್ಚಯನಯದ ಮಾತುಗಳು ಮನಸ್ಸಿಗೆ ಹಿಡಿಸಿದವು. ವ್ಯವಹಾರನಯದ ಅರಿವು ಬರಲಿಲ್ಲ. ತಮ್ಮಂತೆಯೇ ಯೋಚಿಸುವ ಮೂವರು ಗೆಳೆಯರು ಜೊತೆಯಾದರು. ಪೂಜೆ, ನಿಯಮ, ಸಾಮಾಯಿಕಗಳನ್ನು ತೊರೆದು ಅಪಹಾಸ್ಯ ಮಾಡತೊಡಗಿದರು. ಕೋಣೆಯೊಳಗೆ ಬಟ್ಟೆ ಕಳಚಿ ನಾವೇ ಮುನಿಗಳೆಂದು ಕುಣಿದರು. ಒಬ್ಬನೇ ಇದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲವೇನೋ. ನಾಲ್ವರ ರುಚಿ ಒಂದೇ ಆದುದರಿಂದ ತಡೆದು ಹೇಳುವವರು ಇಲ್ಲವಾದರು. ಸಮವಯಸ್ಕರ ಸಮಾನರುಚಿಯಲ್ಲಿ ಇರುವ ದೋಷ ಇದೇ. ಅಲ್ಲಿ ಎಲ್ಲರೂ ತಲೆಯಾಡಿಸುವವರು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತೂಕದ ಕಲ್ಲೇ ಇರುವುದಿಲ್ಲ.

ಆ ತೂಕದ ಕಲ್ಲು ಬಂದುದು ಹಿಂದಿನ ಕಾಲದಿಂದ. 1635ರ ಸುಮಾರಿಗೆ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ಗೊಮ್ಮಟಸಾರವನ್ನು ವ್ಯಾಖ್ಯಾನಿಸಿದರು. ಗುಣಸ್ಥಾನಗಳ ಕ್ರಮವನ್ನು ತಿಳಿದಾಗ, ಆಯಾ ಮೆಟ್ಟಿಲಿಗೆ ತಕ್ಕ ಕ್ರಿಯೆಯೂ ಬೇಕೆಂಬುದು ಬನಾರಸೀದಾಸರಿಗೆ ಹೊಳೆಯಿತು. ಮರುವರ್ಷ ‘ಸಮಯಸಾರ ನಾಟಕ’ವು ಪೂರ್ಣಗೊಂಡಿತು. ಗೊಮ್ಮಟಸಾರವು ಹತ್ತನೆಯ ಶತಮಾನದಲ್ಲಿ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಚಾವುಂಡರಾಯನ ನಿಮಿತ್ತವಾಗಿ ರಚಿಸಿದ ಗ್ರಂಥ. ಕನ್ನಡನಾಡಿನ ಒಬ್ಬ ಗೃಹಸ್ಥನ ಜಿಜ್ಞಾಸೆಗೆ ದೊರೆತ ಉತ್ತರವು ಸುಮಾರು ಆರೂವರೆ ಶತಮಾನಗಳ ಅನಂತರ ಆಗ್ರಾದ ಒಬ್ಬ ವರ್ತಕನನ್ನು ದಾರಿಗೆ ತಂದಿತು. ಗೆಳೆಯರು ಉತ್ಸಾಹವನ್ನು ಕೊಟ್ಟರು, ಪೂರ್ವಿಕರು ಪ್ರಮಾಣವನ್ನು ಕೊಟ್ಟರು. ಎರಡೂ ಬೇಕಾದವು.

ಅಪೂರ್ಣ ಗ್ರಂಥಗಳ ಪಾಠ

ಹಾಗಾದರೆ ತಲೆಮಾರುಗಳ ನಡುವೆ ಸಾಗಿ ಬರುವ ವಸ್ತು ಯಾವುದು? ಅದು ಅಭಿರುಚಿಯೇ ಆಗಿದ್ದರೆ ಗುರುವಿಗೂ ಶಿಷ್ಯನಿಗೂ ಒಂದೇ ರುಚಿ ಇರಬೇಕಾಗಿತ್ತು. ನಮ್ಮ ಗುರುಪರಂಪರೆಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಆಚಾರ್ಯ ವೀರಸೇನರು ಸಿದ್ಧಾಂತ ಶಾಸ್ತ್ರದ ಮಹಾಸಾಗರ. ಧವಲಾ ಟೀಕೆಯನ್ನು ಮುಗಿಸಿ ಜಯಧವಲಾ ಟೀಕೆಯನ್ನು ಆರಂಭಿಸಿದರು. ಇಪ್ಪತ್ತು ಸಾವಿರ ಶ್ಲೋಕ ಪ್ರಮಾಣದಷ್ಟು ಬರೆದಾಗ ಅವರ ಆಯುಷ್ಯ ಮುಗಿಯಿತು. ಶಿಷ್ಯರಾದ ಜಿನಸೇನರು ಉಳಿದ ನಲ್ವತ್ತು ಸಾವಿರ ಶ್ಲೋಕ ಪ್ರಮಾಣವನ್ನು ಬರೆದು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಅದನ್ನು ಪೂರ್ಣಗೊಳಿಸಿದರು. ಈ ಜಿನಸೇನರು ಸ್ವಭಾವತಃ ಕವಿಗಳು. ಕಾಳಿದಾಸನ ಮೇಘದೂತದ ಸಾಲುಗಳನ್ನೇ ತಮ್ಮ ಪದ್ಯಗಳಲ್ಲಿ ಹೆಣೆದು ‘ಪಾರ್ಶ್ವಾಭ್ಯುದಯ’ವನ್ನು ರಚಿಸಿದವರು. ಶೃಂಗಾರದ ಮೇಘವನ್ನು ತೀರ್ಥಂಕರನ ಉಪಸರ್ಗದ ಕಥೆಗೆ ಹೊಂದಿಸಿದ ಆ ರಸಿಕತೆಗೂ ಗುರುವಿನ ಸಿದ್ಧಾಂತಗಣಿತಕ್ಕೂ ಎಷ್ಟು ಅಂತರ! ಆದರೂ ಗುರು ಬಿಟ್ಟುಹೋದ ಕೆಲಸ ಎದುರಿಗೆ ಬಂದಾಗ ತಮ್ಮ ಒಲವು ಬೇರೆಯೆಂದು ಅವರು ಹಿಂಜರಿಯಲಿಲ್ಲ. ಗುರು ಬರೆದುದರ ಇಮ್ಮಡಿಯನ್ನು ಬರೆದು ಮುಗಿಸಿದರು.

ಅನಂತರ ಜಿನಸೇನರು ಮಹಾಪುರಾಣವನ್ನು ಕೈಗೆತ್ತಿಕೊಂಡರು. ಆದಿಪುರಾಣದ ನಲ್ವತ್ತೆರಡು ಪರ್ವಗಳು ಮುಗಿದು ನಲ್ವತ್ತಮೂರನೆಯದರ ಮೂರು ಶ್ಲೋಕಗಳಾಗುವಷ್ಟರಲ್ಲಿ ಅವರ ಬರವಣಿಗೆ ನಿಂತಿತು. ಅಲ್ಲಿಂದ ಮುಂದಕ್ಕೆ ಶಿಷ್ಯ ಗುಣಭದ್ರರು ಬರೆದರು. ಆದಿಪುರಾಣವನ್ನು ಮುಗಿಸಿ ಉತ್ತರಪುರಾಣವನ್ನೂ ರಚಿಸಿದರು. ಗುಣಭದ್ರರ ಶೈಲಿ ಸಂಕ್ಷಿಪ್ತ. ಗುರುವಿನ ವಿಸ್ತಾರವಾದ ವರ್ಣನೆ ಅವರಲ್ಲಿಲ್ಲ. ಕಬ್ಬಿನ ಬುಡಕ್ಕೂ ತುದಿಗೂ ರಸದಲ್ಲಿ ಇರುವ ವ್ಯತ್ಯಾಸವನ್ನು ನೆನೆದು ಅವರು ವಿನಯ ತೋರಿದ್ದಾರೆ. ಗುರುವಿನ ರುಚಿಯನ್ನು ಅನುಕರಿಸುವ ಪ್ರಯತ್ನ ಅವರಲ್ಲಿ ಕಾಣದು. ಗುರುವಿನ ಕಾರ್ಯವನ್ನು ಮಾತ್ರ ಅವರು ಕೈಬಿಡಲಿಲ್ಲ. ಆ ಗ್ರಂಥದ ಕೊನೆಯ ಪ್ರಶಸ್ತಿಯನ್ನು ಗುಣಭದ್ರರ ಶಿಷ್ಯ ಲೋಕಸೇನರು ಬರೆದುದು ಶಕ 820ರಲ್ಲಿ. ನಾಲ್ಕು ತಲೆಮಾರು, ನಾಲ್ಕು ಬಗೆಯ ಪ್ರತಿಭೆ, ಒಂದೇ ನೂಲು.

ಗೃಹಸ್ಥರಲ್ಲಿಯೂ ಇದೇ ಕ್ರಮ. ಹತ್ತನೆಯ ಶತಮಾನದಲ್ಲಿ ಮಲ್ಲಪ, ಪುನ್ನಮಯ್ಯ ಎಂಬ ಸಹೋದರರು ಪೊನ್ನನಿಂದ ಶಾಂತಿಪುರಾಣವನ್ನು ಬರೆಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ. ತಂದೆ ಬರೆಸಿದ ಕಾವ್ಯಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆ ಮಹಾಶ್ರಾವಿಕೆ ಅಷ್ಟಕ್ಕೇ ತೃಪ್ತಳಾಗಲಿಲ್ಲ. ತನ್ನ ಕಾಲದ ಹೊಸ ಕವಿಯಾದ ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಸಿದಳು. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ತಂದೆಯ ತಲೆಮಾರಿನ ಕೃತಿಯನ್ನು ಕಾಪಾಡುವುದೂ ತನ್ನ ತಲೆಮಾರಿನ ಕವಿಯನ್ನು ಪೋಷಿಸುವುದೂ ಅವಳಿಗೆ ಒಂದೇ ಧರ್ಮದ ಎರಡು ಕೈಗಳಾಗಿದ್ದವು. ರನ್ನನಾದರೋ ಮುದುವೊಳಲಿನ ಬಳೆಗಾರರ ಮನೆಯವನು. ಆಶ್ರಯ ಕೊಟ್ಟವರ ಮೇಲಿನ ಕೃತಜ್ಞತೆಯಿಂದ ಆತ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಹೀಗೆ ಒಂದು ಮನೆಯ ಅಭಿಮಾನ ಇನ್ನೊಂದು ಮನೆಯ ಮಕ್ಕಳ ಹೆಸರಾಗಿ ಮುಂದಿನ ತಲೆಮಾರಿಗೆ ಸಾಗಿತು.

ಶ್ರವಣಬೆಳಗೊಳದಲ್ಲಿಯೂ ಇದೇ ಪಾಠವಿದೆ. ಪೌದನಪುರದ ಬಾಹುಬಲಿಯನ್ನು ಕಾಣಬೇಕೆಂಬ ತಾಯಿ ಕಾಳಲದೇವಿಯ ಹಂಬಲದಿಂದ ಚಾವುಂಡರಾಯನು ವಿಂಧ್ಯಗಿರಿಯಲ್ಲಿ ಗೊಮ್ಮಟಮೂರ್ತಿಯನ್ನು ಮಾಡಿಸಿದನೆಂಬುದು ಐತಿಹ್ಯ. ಎದುರಿನ ಚಂದ್ರಗಿರಿಯ ಮೇಲಿರುವ ಚಾವುಂಡರಾಯ ಬಸದಿಯ ಕೆಳಗಿನ ಗರ್ಭಗೃಹದಲ್ಲಿ ನೇಮಿನಾಥ, ಮೇಲಂತಸ್ತಿನಲ್ಲಿ ಪಾರ್ಶ್ವನಾಥ. ಮೇಲಿನ ಮೂರ್ತಿಯನ್ನು ಪ್ರತಿಷ್ಠಾಪಿಸಿದವನು ಚಾವುಂಡರಾಯನ ಮಗ ಜಿನದೇವಣ. ಅಜ್ಜಿಯ ಹಂಬಲ, ಮಗನ ಕಾರ್ಯ, ಮೊಮ್ಮಗನ ಕಾರ್ಯ ಇವುಗಳ ರೂಪಗಳು ಒಂದೇ ಬಗೆಯವಲ್ಲ. ಮೊಮ್ಮಗ ತಂದೆಯ ಕಟ್ಟಡವನ್ನು ಕೆಡವದೆ ಅದರ ಮೇಲೊಂದು ನೆಲೆಯನ್ನು ಸೇರಿಸಿದನು. ತಂದೆ ಪ್ರತಿಷ್ಠಾಪಿಸಿದ ತೀರ್ಥಂಕರನನ್ನೇ ಮತ್ತೊಮ್ಮೆ ಪ್ರತಿಷ್ಠಾಪಿಸಬೇಕೆಂಬ ನಿರ್ಬಂಧವೂ ಅವನಿಗಿರಲಿಲ್ಲ.

ಶ್ರದ್ಧೆಗೆ ಹತ್ತು ಬಾಗಿಲು

ರುಚಿಭೇದವನ್ನು ನಮ್ಮ ಆಚಾರ್ಯರು ಸಹಿಸಿಕೊಂಡುದಷ್ಟೇ ಅಲ್ಲ, ಅದಕ್ಕೆ ಶಾಸ್ತ್ರದಲ್ಲಿಯೇ ಸ್ಥಾನ ಕೊಟ್ಟಿದ್ದಾರೆ. ಮೇಲೆ ಹೇಳಿದ ಗುಣಭದ್ರಾಚಾರ್ಯರೇ ತಮ್ಮ ‘ಆತ್ಮಾನುಶಾಸನ’ದಲ್ಲಿ ಸಮ್ಯಕ್ತ್ವವು ಹತ್ತು ಬಗೆಯಲ್ಲಿ ಉಂಟಾಗುತ್ತದೆಂದು ಹೇಳಿದ್ದಾರೆ: ಆಜ್ಞಾ, ಮಾರ್ಗ, ಉಪದೇಶ, ಸೂತ್ರ, ಬೀಜ, ಸಂಕ್ಷೇಪ, ವಿಸ್ತಾರ, ಅರ್ಥ, ಅವಗಾಢ, ಪರಮಾವಗಾಢ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದಲ್ಲಿಯೂ ದಶವಿಧ ರುಚಿಗಳ ಪಟ್ಟಿಯಿದೆ. ಕೆಲವು ಹೆಸರುಗಳು ಎರಡರಲ್ಲಿಯೂ ಸಮಾನ.

ಇದನ್ನು ಮನೆಯ ಜಗಲಿಗೆ ಅನ್ವಯಿಸಿ ನೋಡಬಹುದು. ಶಾಸ್ತ್ರವನ್ನು ಓದದೆಯೇ ವೀತರಾಗನ ಆಜ್ಞೆಯೆಂಬ ಒಂದೇ ಕಾರಣದಿಂದ ನಂಬಿ ನಡೆಯುವ ಅಜ್ಜಿಯದು ಆಜ್ಞಾ. ಶಲಾಕಾಪುರುಷರ ಕಥೆಗಳನ್ನು ಕೇಳಿ ಮನಸ್ಸು ಕರಗುವ ಅಜ್ಜನದು ಉಪದೇಶ. ಉದ್ದವಾದ ಪುರಾಣವನ್ನು ಕೇಳಲು ತಾಳ್ಮೆಯಿಲ್ಲದೆ, ಏಳು ತತ್ತ್ವಗಳನ್ನು ಒಂದೇ ಪುಟದಲ್ಲಿ ಹೇಳಿದರೆ ತಿಳಿದುಕೊಳ್ಳುವೆನೆಂದು ಕೇಳುವ ಮೊಮ್ಮಗನದು ಸಂಕ್ಷೇಪ. ಅವನನ್ನು ಧರ್ಮದಲ್ಲಿ ರುಚಿಯಿಲ್ಲದವನೆಂದು ಬೈದರೆ ಗುಣಭದ್ರರು ತೆರೆದಿಟ್ಟ ಬಾಗಿಲನ್ನು ನಾವು ಮುಚ್ಚಿದಂತಾಗುತ್ತದೆ. ಬೀಜಪದಗಳ ಮೂಲಕ ಕರಣಾನುಯೋಗದ ಗಹನ ಲೆಕ್ಕಗಳನ್ನು ಹಿಡಿದು ಶ್ರದ್ಧೆಗೆ ಬರುವವರೂ ಇದ್ದಾರೆ. ಗಣಿತದಲ್ಲಿ ಒಲವುಳ್ಳ ಮೊಮ್ಮಗಳಿಗೆ ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವನ್ನು, ಕನ್ನಡದಲ್ಲಿ ವ್ಯವಹಾರಗಣಿತವನ್ನು ಬರೆದ ರಾಜಾದಿತ್ಯನನ್ನು ಪರಿಚಯಿಸಿದ ಮನೆಗಳು ಎಷ್ಟಿವೆ? ಅವಳು ಪುರಾಣ ಕೇಳಲು ಬರುವುದಿಲ್ಲವೆಂದು ಕೊರಗುವ ಬದಲು ಗೊಮ್ಮಟಸಾರದ ಸಂಖ್ಯಾಪ್ರಕರಣವನ್ನು ಅವಳಿಂದಲೇ ಸಭೆಗೆ ವಿವರಿಸಲು ಹೇಳಬಹುದಲ್ಲವೇ?

ರುಚಿಯಿಲ್ಲದೆ ದಾಕ್ಷಿಣ್ಯಕ್ಕೆ ಹಿಡಿದ ಮಾರ್ಗ ಏನಾಗುತ್ತದೆಂಬುದನ್ನು ಶ್ರೇಣಿಕನ ಮಗ ವಾರಿಷೇಣ ಮುನಿಯ ಕಥೆ ಹೇಳುತ್ತದೆ. ಗೆಳೆಯನಾದ ಪುಷ್ಪಡಾಲನು ವಾರಿಷೇಣನ ಸ್ನೇಹಕ್ಕೆ ಕಟ್ಟುಬಿದ್ದು ದೀಕ್ಷೆ ಪಡೆದನು; ಆದರೆ ಹನ್ನೆರಡು ವರ್ಷಗಳಾದರೂ ಬಿಟ್ಟುಬಂದ ಹೆಂಡತಿಯನ್ನೇ ನೆನೆಯುತ್ತಿದ್ದನು. ವಾರಿಷೇಣನು ಅವನನ್ನು ಜರೆಯಲಿಲ್ಲ. ತನ್ನ ಅರಮನೆಗೇ ಕರೆದೊಯ್ದು ತಾನು ತೊರೆದುಬಂದ ವೈಭವವನ್ನು ತೋರಿಸಿದನು. ಆಗ ಪುಷ್ಪಡಾಲನಿಗೆ ತನ್ನದೇ ಆದ ವೈರಾಗ್ಯ ಹುಟ್ಟಿತು. ಸ್ಥಿತಿಕರಣ ಅಂಗಕ್ಕೆ ಈ ಕಥೆಯನ್ನೇ ದೃಷ್ಟಾಂತವಾಗಿ ಹೇಳುವುದು ಅರ್ಥಪೂರ್ಣವಾಗಿದೆ. ಎರವಲು ರುಚಿ ಹನ್ನೆರಡು ವರ್ಷಗಳಲ್ಲಿಯೂ ಒಗ್ಗಲಿಲ್ಲ. ಸ್ವಂತ ಅರಿವಿಗೆ ಒಂದು ದಿನ ಸಾಕಾಯಿತು.

ರುಚಿ ಯಾವುದು, ವ್ರತ ಯಾವುದು?

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲವೂ ಅವರವರ ರುಚಿ, ಯಾರು ಹೇಗೆ ಬೇಕಾದರೂ ನಡೆಯಬಹುದು ಎಂದು ಅರ್ಥವಾಗಬಾರದು. ಹಿರಿಯರು ತಮ್ಮ ರುಚಿಯನ್ನು ವ್ರತವೆಂದು ತಿಳಿಯುತ್ತಾರೆ. ಕಿರಿಯರು ವ್ರತವನ್ನು ಹಿರಿಯರ ರುಚಿಯೆಂದು ತಿಳಿಯುತ್ತಾರೆ. ಎರಡೂ ಒಂದೇ ತಪ್ಪು. ಸಭೆಯ ಭಾಷೆ ಯಾವುದಿರಬೇಕು, ಸ್ತವನಕ್ಕೆ ಯಾವ ವಾದ್ಯ ಬೇಕು, ಪರ್ವದ ದಿನ ಎಲೆಗೆ ಏನೇನು ಬಡಿಸಬೇಕು, ಮಗ ಅಂಗಡಿಯಲ್ಲಿ ಕೂರಬೇಕೇ ಕಂಪ್ಯೂಟರ್ ಕೆಲಸಕ್ಕೆ ಹೋಗಬೇಕೇ ಎಂಬುವು ರುಚಿಯ ವಿಷಯಗಳು. ರಾತ್ರಿಭೋಜನತ್ಯಾಗ, ಅನಂತಕಾಯದ ಗೆಡ್ಡೆಗೆಣಸುಗಳ ವರ್ಜನೆ, ತೂಕ ಅಳತೆಯಲ್ಲಿ ಮೋಸ ಮಾಡದಿರುವುದು ಎಂಬುವು ವ್ರತದ ವಿಷಯಗಳು. ಎರಡನ್ನೂ ಬೇರ್ಪಡಿಸಲು ಒಂದು ಸರಳ ಪರೀಕ್ಷೆಯಿದೆ: ಇದನ್ನು ಬಿಟ್ಟರೆ ಯಾವ ಜೀವಕ್ಕೆ ನೋವಾಗುತ್ತದೆ, ಯಾವ ಕಷಾಯ ಬೆಳೆಯುತ್ತದೆ? ಯಾವ ಜೀವಕ್ಕೂ ನೋವಿಲ್ಲ, ಯಾವ ಕಷಾಯವೂ ಇಲ್ಲ ಎಂದಾದರೆ ಅದು ರುಚಿ. ಅಲ್ಲಿ ಹಿರಿಯರು ಸಂತೋಷದಿಂದ ಬಿಟ್ಟುಕೊಡಬೇಕು. ನೋವಿದೆ ಎಂದಾದರೆ ಅದು ವ್ರತ. ಅಲ್ಲಿ ಕಿರಿಯರು ಕಾರಣ ಕೇಳಬಹುದು, ಹಿರಿಯರು ಕಾರಣ ಹೇಳಲೇಬೇಕು.

ಈ ಪರೀಕ್ಷೆ ಹಿರಿಯರ ಮೇಲೂ ಅಷ್ಟೇ ನಿಷ್ಠುರವಾಗಿ ನಡೆಯಬೇಕು. ಇತ್ತೀಚಿನ ವರ್ಷಗಳಲ್ಲಿ ನಗರಗಳಲ್ಲಿಯೂ ವಿದೇಶಗಳಲ್ಲಿಯೂ ಇರುವ ಅನೇಕ ಜೈನ ತರುಣ ತರುಣಿಯರು ಹಾಲು, ತುಪ್ಪಗಳನ್ನು ತೊರೆದಿದ್ದಾರೆ. ರಜೆಗೆ ಊರಿಗೆ ಬಂದ ಮೊಮ್ಮಗಳು ಪಾಯಸವನ್ನು ಬೇಡವೆಂದಾಗ ಅಜ್ಜಿಗೆ ನೋವಾಗುತ್ತದೆ. ಇದು ಪರದೇಶದ ಫ್ಯಾಷನ್ ಎಂದು ಮನೆಯವರು ನಗುತ್ತಾರೆ. ಮೊಮ್ಮಗಳ ಪ್ರಶ್ನೆ ಮಾತ್ರ ನಗುವಂಥದಲ್ಲ. ಅಜ್ಜಿಯ ಕಾಲದಲ್ಲಿ ಹಸು ಹಟ್ಟಿಯಲ್ಲಿತ್ತು, ಅದಕ್ಕೊಂದು ಹೆಸರಿತ್ತು, ಕರು ಕುಡಿದು ಉಳಿದ ಹಾಲು ಮನೆಗೆ ಬರುತ್ತಿತ್ತು. ಇಂದು ಪ್ಯಾಕೆಟ್ಟಿನಲ್ಲಿ ಬರುವ ಹಾಲಿನ ಹಿಂದೆ ಇರುವ ಗಂಡುಕರುವಿನ ಗತಿಯೇನು, ಹಾಲು ಬತ್ತಿದ ಹಸುವಿನ ಗತಿಯೇನು ಎಂದು ಅವಳು ಕೇಳುತ್ತಾಳೆ. ಯಾವ ಜೀವಕ್ಕೆ ನೋವು ಎಂಬ ನಮ್ಮ ಪರೀಕ್ಷೆಯನ್ನೇ ಅವಳು ನಮ್ಮ ಮುಂದೆ ಇಟ್ಟಿದ್ದಾಳೆ. ಹಾಗಿರುವಾಗ ಅವಳದು ರುಚಿಯೆಂದೂ ಅಜ್ಜಿಯದು ಧರ್ಮವೆಂದೂ ತೀರ್ಪು ಕೊಡಲು ಬರುವುದಿಲ್ಲ.

ಅದೇ ಮೊಮ್ಮಗಳು ಊರಾಚೆ ಈರುಳ್ಳಿ, ಆಲೂಗಡ್ಡೆಗಳನ್ನು ಸಂಕೋಚವಿಲ್ಲದೆ ತಿನ್ನುತ್ತಿರಬಹುದು. ಅದು ಹಳಬರ ಅಡುಗೆಯ ಕಟ್ಟಳೆ ಎಂದು ಅವಳು ತಿಳಿದಿರಬಹುದು. ಒಂದೇ ಶರೀರದಲ್ಲಿ ಅನಂತ ಜೀವಗಳು ನೆಲೆಸಿರುತ್ತವೆಂಬ ಸಾಧಾರಣ ವನಸ್ಪತಿಯ ವಿಚಾರವನ್ನು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಕ್ಕಿಲ್ಲ. ಹೀಗೆ ಅಹಿಂಸೆಯ ಒಂದು ತುಂಡು ಅಜ್ಜಿಯ ಕೈಯಲ್ಲಿದೆ, ಇನ್ನೊಂದು ತುಂಡು ಮೊಮ್ಮಗಳ ಕೈಯಲ್ಲಿದೆ. ಇಬ್ಬರೂ ಇನ್ನೊಬ್ಬರ ಕೈಯಲ್ಲಿರುವುದನ್ನು ಬರಿಯ ರುಚಿಯೆಂದು ಕಂಡಾಗ ಎರಡೂ ತುಂಡುಗಳು ಬಿದ್ದುಹೋಗುತ್ತವೆ. ಇಬ್ಬರೂ ಕಾರಣಗಳನ್ನು ಕೇಳಿ ತಿಳಿದುಕೊಂಡಾಗ ಅಜ್ಜಿ ಹಾಲನ್ನು ಬಿಡದಿರಬಹುದು, ಮೊಮ್ಮಗಳು ಈರುಳ್ಳಿಯನ್ನು ಆ ದಿನವೇ ಬಿಡದಿರಬಹುದು. ಆದರೆ ಇಬ್ಬರೂ ಒಂದೇ ವ್ರತದ ಕಡೆಗೆ ಮುಖಮಾಡಿ ನಿಂತಿರುತ್ತಾರೆ.

ಅಭಿಷೇಕದ ಹಾಲಿನ ಪ್ರಶ್ನೆಯೂ ವಿಶ್ವಸ್ತ ಮಂಡಳಿಗಳ ಮುಂದೆ ಬಾರದೆ ಇರದು. ಬಂದಾಗ ಕೋಪಗೊಳ್ಳುವ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ದಿಗಂಬರ ಸಮಾಜದಲ್ಲಿಯೇ ಪಂಚಾಮೃತ ಅಭಿಷೇಕದ ಸಂಪ್ರದಾಯವೂ ಇದೆ, ಶುದ್ಧಜಲದ ಅಭಿಷೇಕವನ್ನಷ್ಟೇ ಒಪ್ಪುವ ಸಂಪ್ರದಾಯವೂ ಇದೆ. ಎರಡೂ ಕಡೆಯವರು ನಮಿಸುವುದು ಒಬ್ಬನೇ ವೀತರಾಗನಿಗೆ. ವಿಧಿಯಲ್ಲಿನ ಭೇದವನ್ನು ತಾಳಿಕೊಳ್ಳುವ ಶಕ್ತಿ ಸಮಾಜಕ್ಕೆ ಹೊಸದಲ್ಲ. ತರುಣರ ಪ್ರಶ್ನೆಯನ್ನು ದ್ರೋಹವೆಂದು ಭಾವಿಸದೆ ಸ್ವಾಧ್ಯಾಯದ ವಿಷಯವೆಂದು ಭಾವಿಸಿದರೆ, ಬಹುಕಾಲದ ಬಳಿಕ ಅವರು ಜಗಲಿಯಿಂದೆದ್ದು ಸಭೆಯ ಒಳಗೆ ಬಂದು ಕುಳಿತಂತೆ ಆಗುತ್ತದೆ.

ಪ್ರಮೋದ ಭಾವನೆ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಾಲ್ಕು ಭಾವನೆಗಳನ್ನು ಹೇಳಿದ್ದಾರೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಉಪದೇಶಕ್ಕೆ ವಿಮುಖರಾದವರಲ್ಲಿ ಮಾಧ್ಯಸ್ಥ್ಯ. ಸಮಾನರುಚಿಯವರಲ್ಲಿ ಮೈತ್ರಿಯೆಂದು ಅವರು ಹೇಳಲಿಲ್ಲ ಎಂಬುದು ಗಮನಾರ್ಹ. ನಮ್ಮಂತೆಯೇ ಇಷ್ಟಪಡುವವರನ್ನು ಪ್ರೀತಿಸುವುದಕ್ಕೆ ಸಾಧನೆ ಬೇಕಿಲ್ಲ. ಅದು ತನ್ನ ರುಚಿಯನ್ನೇ ಇನ್ನೊಬ್ಬರಲ್ಲಿ ಕಂಡು ಸುಖಿಸುವ ರಾಗ. ಗುಣವನ್ನು ಕಂಡು ಹರ್ಷಿಸುವ ಪ್ರಮೋದಕ್ಕೆ ಸಾಧನೆ ಬೇಕು. ಗುಣಾಧಿಕರೆಂಬ ಪದಕ್ಕೆ ವಯಸ್ಸಿನ ಕಟ್ಟಿಲ್ಲ. ಮೊಮ್ಮಗನಲ್ಲಿ ತನಗಿಂತ ಮಿಗಿಲಾದ ಒಂದು ಗುಣವಿದ್ದರೆ ಅಜ್ಜನೂ ಪ್ರಮೋದಪಡಬೇಕಾದವನೇ.

ಸಾಧರ್ಮಿಕರಲ್ಲಿ ತೋರಬೇಕಾದ ವಾತ್ಸಲ್ಯಕ್ಕೆ ಕರುವಿನ ಮೇಲೆ ಹಸುವಿಗಿರುವ ಪ್ರೀತಿಯನ್ನು ಹೋಲಿಕೆಯಾಗಿ ಹೇಳುವುದುಂಟು. ಕರು ತನ್ನಂತೆ ಹುಲ್ಲು ಮೇಯುವ ದಿನದವರೆಗೆ ಕಾದು ಹಸು ಪ್ರೀತಿಸುವುದಿಲ್ಲ.

ಸಮಾನ ಅಭಿರುಚಿಗೆ ಬೆಲೆಯಿಲ್ಲವೆಂದು ಇದರಿಂದ ತಿಳಿಯಬೇಕಾಗಿಲ್ಲ. ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಒಂದು ಹಾಡನ್ನು ಮೆಚ್ಚಿದಾಗ, ಒಂದು ಶಾಸನದ ಅಕ್ಷರಗಳನ್ನು ಒಟ್ಟಿಗೆ ಓದಲು ಯತ್ನಿಸಿದಾಗ ಮನೆಯಲ್ಲಿ ಬೆಳಕು ಮೂಡುತ್ತದೆ. ಆದರೆ ಅಂಥ ರುಚಿ ಆಜ್ಞೆಯಿಂದ ಬರುವುದಿಲ್ಲ, ಜೊತೆಗೆ ಕೆಲಸ ಮಾಡುವಾಗ ತಾನಾಗಿ ಹುಟ್ಟುತ್ತದೆ. ಬಸದಿಯ ಕಪಾಟಿನಲ್ಲಿರುವ ಹಳೆಯ ತಾಳೆಗರಿ ಕಟ್ಟುಗಳನ್ನು ತಜ್ಞರ ಮಾರ್ಗದರ್ಶನದಲ್ಲಿ ಶುಚಿಮಾಡಿ ಛಾಯಾಚಿತ್ರ ತೆಗೆದಿರಿಸುವ ಕೆಲಸವನ್ನು ವಿಶ್ವಸ್ತ ಮಂಡಳಿ ತರುಣರಿಗೆ ವಹಿಸಿ ನೋಡಲಿ. ಹಿರಿಯರಿಗೆ ಹಳಗನ್ನಡದ ಲಿಪಿ ಗೊತ್ತು, ಕಿರಿಯರಿಗೆ ಯಂತ್ರ ಗೊತ್ತು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಸಾಗದು. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಜೋಪಾನವಾಗಿ ಉಳಿದ ಧವಲಾ ಗ್ರಂಥವು 1939ರಿಂದ ಮುದ್ರಣಗೊಂಡು ಹೊರಬಂದುದೂ ಕಾಪಾಡಿದವರು, ಪ್ರತಿಮಾಡಿದವರು, ಸಂಪಾದಿಸಿದವರು, ಧನ ಕೊಟ್ಟವರು ಹೀಗೆ ಬೇರೆ ಬೇರೆ ಬಗೆಯ ಜನ ಒಂದೇ ಕಾರ್ಯಕ್ಕೆ ಹೆಗಲು ಕೊಟ್ಟುದರಿಂದ. ಜೀವಗಳು ಒಂದಕ್ಕೊಂದು ಉಪಕರಿಸುತ್ತವೆಂಬ ಉಮಾಸ್ವಾಮಿಗಳ ಮಾತು ಅಜ್ಜ ಮೊಮ್ಮಕ್ಕಳಿಗೂ ಅನ್ವಯಿಸುತ್ತದೆ.

ವರ್ತಕರ ಮನೆಗಳಲ್ಲಿ ಮಹಾವೀರ ನಿರ್ವಾಣದ ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕವನ್ನು ತೆರೆಯುವ ವಾಡಿಕೆಯಿದೆ. ಹಳೆಯ ಪುಸ್ತಕದ ಪ್ರತಿಯೊಂದು ಜಮೆ ಖರ್ಚನ್ನೂ ಯಾರೂ ಹೊಸದಕ್ಕೆ ನಕಲು ಮಾಡುವುದಿಲ್ಲ. ಉಳಿದ ಬಾಕಿಯನ್ನು ಮಾತ್ರ ಮೊದಲ ಪುಟಕ್ಕೆ ತರುತ್ತಾರೆ. ಮುಂದಿನ ವ್ಯಾಪಾರ ಹೊಸ ವರ್ಷದ್ದು. ಹಿರಿಯರು ಮಕ್ಕಳ ಪುಸ್ತಕದ ಮೊದಲ ಪುಟಕ್ಕೆ ತಂದುಕೊಡಬೇಕಾದದ್ದು ಅಹಿಂಸೆ, ಸತ್ಯ, ಅಪರಿಗ್ರಹಗಳೆಂಬ ಬಂಡವಾಳ ಮತ್ತು ತಾವು ಮುಗಿಸದೆ ಉಳಿಸಿದ ಕೆಲಸಗಳ ಬಾಕಿ. ಉಳಿದ ಪುಟಗಳನ್ನು ಮಕ್ಕಳು ತಮ್ಮ ಕೈಬರಹದಲ್ಲಿ ಬರೆಯಲಿ. ವಾರ್ಷಿಕ ಸಭೆಯಲ್ಲಿ ಎದ್ದು ನ��ಲ್ಲುವ ಹಿರಿಯರು ಮುಂದಿನ ವರ್ಷ ತಮ್ಮ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ, “ನಾವು ಯಾವ ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದೇವೆ, ಅದನ್ನು ಯಾರ ಕೈಗೆ ಒಪ್ಪಿಸೋಣ?” ಎಂದು ಕೇಳಿದರೆ, ಜಗಲಿಯ ಮೇಲೆ ಕಾದು ಕುಳಿತವನನ್ನು ಒಳಗೆ ಕರೆಯಲು ಒಂದು ಕಾರಣವಾದರೂ ದೊರೆತೀತು.